ಸತ್ಯಾಂಶ: ರಾಬಿನ್ಸನ್‌ಗಿಂತ 63 ವರ್ಷ ಮೊದಲೇ ಆಡಿದ್ದ ಕಪ್ಪು ಆಟಗಾರ

‘1947ರಲ್ಲಿ ಜಾಕಿ ರಾಬಿನ್ಸನ್ ಬರುವವರೆಗೆ ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಕಪ್ಪುವರ್ಣೀಯರೇ ಇರಲಿಲ್ಲ’ ಎಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಹರಿದಾಡುತ್ತಿರುತ್ತದೆ. ರಾಬಿನ್ಸನ್ ಅವರ ಸಾಧನೆ ದೊಡ್ಡದೇ. ಆದರೆ ಮಾತು ಪೂರ್ತಿ ನಿಜವಲ್ಲ.

1884ರ ಮೇ 1ರಂದು ಮೋಸೆಸ್ ಫ್ಲೀಟ್‌ವುಡ್ ವಾಕರ್ ಟೊಲಿಡೊ ತಂಡದ ಪರ ಲೂಯಿವಿಲ್‌ನಲ್ಲಿ ಕಣಕ್ಕಿಳಿದರು. ಅವರ ತಂಡವಿದ್ದ ಅಮೆರಿಕನ್ ಅಸೋಸಿಯೇಷನ್ ಅಂದಿನ ಮೇಜರ್ ಲೀಗ್‌ಗಳಲ್ಲೊಂದು, ಅಂದರೆ ಅತ್ಯುನ್ನತ ಹಂತದ ಲೀಗ್. ಒಹಾಯೊದಲ್ಲಿ ಹುಟ್ಟಿ, ಓಬರ್ಲಿನ್ ಕಾಲೇಜಿನಲ್ಲಿ ಓದಿದ್ದ ವಾಕರ್ ಕ್ಯಾಚರ್. ನಮ್ಮ ಕ್ರಿಕೆಟ್‌ನ ವಿಕೆಟ್‌ಕೀಪರ್ ಇದ್ದ ಹಾಗೆ. ಇಂದಿನಂಥ ದಪ್ಪ ಗ್ಲೌಸ್ ಇಲ್ಲದ ಕಾಲ, ಬೆರಳುಗಳ ಪಾಡು ಊಹಿಸಿಕೊಳ್ಳಿ. ಸಾಲದ್ದಕ್ಕೆ, ಯಾವ ಎಸೆತ ಹಾಕಬೇಕೆಂದು ವಾಕರ್ ತೋರಿಸುತ್ತಿದ್ದ ಸನ್ನೆಗಳನ್ನು ಸ್ವಂತ ತಂಡದ ಪಿಚರ್ (ನಮ್ಮ ಬೌಲರ್ ಇದ್ದ ಹಾಗೆ) ಟೋನಿ ಮಲ್ಲೇನ್ ಲೆಕ್ಕಿಸುತ್ತಲೇ ಇರಲಿಲ್ಲ. ತಾನು ಕಂಡ ಅತ್ಯುತ್ತಮ ಕ್ಯಾಚರ್ ವಾಕರ್, ಆದರೂ ಕಪ್ಪುವರ್ಣೀಯನ ಮಾತು ಕೇಳಲು ಮನಸ್ಸಿರಲಿಲ್ಲ ಎಂದು ಮಲ್ಲೇನ್ ಎಷ್ಟೋ ವರ್ಷಗಳ ನಂತರ ಒಪ್ಪಿಕೊಂಡರು!

ಆ ಋತುವಿನಲ್ಲಿ ವಾಕರ್ ಆಡಿದ್ದು 42 ಪಂದ್ಯ. ತಮ್ಮ ವೆಲ್ಡಿ ಕೂಡ ಕೆಲವು ಪಂದ್ಯ ಆಡಿದರು. ಆಮೇಲೆ ವಾಕರ್ ಕೆಳ ಹಂತದ ಲೀಗ್‌ಗಳಲ್ಲಿ 1889ರವರೆಗೆ ಮುಂದುವರಿದರು. ಅಷ್ಟರಲ್ಲಿ, 1887ರ ಜುಲೈನಲ್ಲಿ, ಅಂಥದ್ದೇ ಕೆಳ ಹಂತದ ಇಂಟರ್‌ನ್ಯಾಷನಲ್ ಲೀಗ್ ಕಪ್ಪು ಆಟಗಾರರೊಂದಿಗೆ ಹೊಸ ಒಪ್ಪಂದ ಬೇಡವೆಂದು ಮತ ಹಾಕಿತ್ತು. ಮೇಜರ್ ಲೀಗ್‌ಗಳಲ್ಲಂತೂ ಅವರನ್ನು ಹೊರಗಿಡಲು ಬರೆದಿಟ್ಟ ನಿಯಮವೂ ಬೇಕಾಗಲಿಲ್ಲ, ಮಾಲೀಕರ ಒಳ ಒಪ್ಪಂದವೇ ಸಾಕಾಯಿತು.

ಹಾಗಾದರೆ ವಾಕರ್ ಅವರೇ ಮೊದಲಿಗರೇ? ಅಲ್ಲೂ ಒಂದು ತಿರುವಿದೆ. 1879ರಲ್ಲಿ ಮೇಜರ್ ಲೀಗ್ ತಂಡ ಪ್ರಾವಿಡೆನ್ಸ್ ಪರ ಒಂದೇ ಪಂದ್ಯ ಆಡಿದ ವಿಲಿಯಂ ಎಡ್ವರ್ಡ್ ವೈಟ್ ಅವರ ತಾಯಿ ಜಾರ್ಜಿಯಾದಲ್ಲಿ ಗುಲಾಮಳಾಗಿದ್ದವಳು. ಆದರೆ ವೈಟ್ ಬದುಕಿದ್ದು ಬಿಳಿಯನೆಂದು ಗುರುತಿಸಿಕೊಂಡು. ಬಹಿರಂಗವಾಗಿ ಕಪ್ಪುವರ್ಣೀಯನಾಗಿಯೇ ಆಡಿದವರು ವಾಕರ್. 1924ರಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ತೀರಿಕೊಂಡ ಅವರು ರಾಬಿನ್ಸನ್ ಆಟವನ್ನು ನೋಡಲಿಲ್ಲ.