ಮೋಟರ್ ಬದಲಿಸುವ ಮುನ್ನ ಒಂದು ಬಲ್ಬು ಹಚ್ಚಿ ನೋಡಿ

ಹಳೆಯ ಕಾರಿನ ಪವರ್ ವಿಂಡೋ ನಿಂತುಹೋದ ಕೂಡಲೇ ಮೋಟರ್ ಸುಟ್ಟಿದೆಯೆಂದು ತೀರ್ಮಾನಿಸಿ, ಬಾಗಿಲಿನ ಒಳಹೊದಿಕೆ (ಟ್ರಿಮ್) ಬಿಚ್ಚುವ ಮೊದಲೇ ಹೊಸ ಮೋಟರಿನ ದರ ಹೇಳುವ ರೂಢಿ ನಮ್ಮ ಅನೇಕ ಗ್ಯಾರೇಜುಗಳಲ್ಲಿದೆ. ಇದನ್ನು ನಾನು ಒಪ್ಪುವುದಿಲ್ಲ. ಮೂವತ್ತು ವರ್ಷ ದುಡಿದ ಮೂಲ ಮೋಟರನ್ನು ಗುಜರಿಗೆ ಹಾಕಿದರೆ ಅಂಥದ್ದು ಮತ್ತೆ ಸುಲಭವಾಗಿ ಸಿಗುವುದಿಲ್ಲ.

ನನ್ನದು 1996ರ ಮರ್ಸಿಡಿಸ್ ಇ220. 1995ರಲ್ಲಿ ಪುಣೆಯಲ್ಲಿ ಜೋಡಣೆ ಆರಂಭವಾದ ಡಬ್ಲ್ಯು124 ಸಾಲಿನ ಕಾರು. ಕಳೆದ ಮಳೆಗಾಲದಲ್ಲಿ ಅದರ ಮುಂದಿನ ಎಡಬಾಗಿಲಿನ ಗಾಜು ಅರ್ಧಕ್ಕೆ ಏರಿ ನಿಂತಿತು. ಎಲೆಕ್ಟ್ರಿಷಿಯನ್ ಮೋಟರಿನ ಕನೆಕ್ಟರ್ ಕಳಚಿ ಮೀಟರ್ ಇಟ್ಟರು, 12.4 ವೋಲ್ಟ್ ತೋರಿಸಿತು. "ಕರೆಂಟ್ ಸರಿಯಾಗಿ ಬರ್ತಿದೆ ಸಾರ್, ಮೋಟರೇ ಹೋಗಿದೆ" ಎಂದರು. ಅವರು ಸುಳ್ಳು ಹೇಳಲಿಲ್ಲ, ಆದರೆ ಆ ಅಳತೆಯೇ ಸಾಲದಾಗಿತ್ತು. ಮೀಟರ್ ಎಳೆದುಕೊಳ್ಳುವ ಕರೆಂಟ್ ಅತ್ಯಲ್ಪವಾದ್ದರಿಂದ, ವೈರಿನ ಎಳೆಗಳೆಲ್ಲ ತುಂಡಾಗಿ ಒಂದೇ ಒಂದು ಉಳಿದಿದ್ದರೂ ಅದು ಪೂರ್ಣ ವೋಲ್ಟೇಜನ್ನೇ ತೋರಿಸುತ್ತದೆ; ಗಾಜನ್ನು ಎತ್ತಲು ಹಲವು ಆಂಪಿಯರ್ ಬೇಡುವ ಮೋಟರಿಗೆ ಆ ಒಂದು ಎಳೆ ಯಾವ ಮೂಲೆಗೂ ಸಾಲದು.

ಮನೆಗೆ ಬಂದು, ಮೋಟರಿನ ಜಾಗದಲ್ಲಿ, ಅದರಂತೆಯೇ ಹಲವು ಆಂಪಿಯರ್ ಎಳೆಯುವ 55 ವಾಟ್‌ನ ಹಳೆಯ ಹೆಡ್‌ಲೈಟ್ ಬಲ್ಬು ಸಿಕ್ಕಿಸಿ ಸ್ವಿಚ್ ಒತ್ತಿದೆ. ಬಲ್ಬು ಆರುವ ಕೆಂಡದಂತೆ ಮಂಕಾಗಿ ಉರಿಯಿತು, ಮೀಟರ್ 7 ವೋಲ್ಟಿಗಿಂತ ಕೆಳಗಿಳಿಯಿತು. ಅದೇ ಮೋಟರಿಗೆ ಬ್ಯಾಟರಿಯಿಂದ ನೇರವಾಗಿ ಎರಡು ವೈರ್ ಕೊಟ್ಟಾಗ ಗಾಜು ಮೇಲೇರಿತು. ವೈರುಗಳನ್ನು ಅದಲುಬದಲು ಮಾಡಿದಾಗ ಇಳಿಯಿತು. (ಈ ಪರೀಕ್ಷೆ ಮಾಡುವವರು ದಯವಿಟ್ಟು ಬಾಗಿಲಿನೊಳಗಿಂದ ಕೈ ಹೊರತೆಗೆದಿರಬೇಕು, ಗಾಜನ್ನು ಎತ್ತಿಳಿಸುವ ರೆಗ್ಯುಲೇಟರಿನ ಕತ್ತರಿ ತೋಳುಗಳು ಬೆರಳನ್ನು ಬಿಡುವುದಿಲ್ಲ.)

ಹಾಗಾದರೆ ಉಳಿದ ವೋಲ್ಟೇಜ್ ಎಲ್ಲಿ ಸೋರುತ್ತಿತ್ತು? ಬಾಗಿಲಿನ ಕೀಲಿನ ಬಳಿ ವೈರುಗಳು ಹಾದುಹೋಗುವ ರಬ್ಬರ್ ಕೊಳವೆಯನ್ನು ಹಿಂದಕ್ಕೆ ಸರಿಸಿದಾಗ ಉತ್ತರ ಸಿಕ್ಕಿತು. ಬಾಗಿಲು ತೆರೆದಾಗಲೂ ಮುಚ್ಚಿದಾಗಲೂ ಮಡಿಯುವುದು ಅದೇ ಜಾಗ. ಹೊದಿಕೆ ಬಿರಿದು, ಒಳಗಿನ ತಾಮ್ರ ಪಾಚಿ ಕಟ್ಟಿದಂತೆ ಹಸಿರಾಗಿ, ಎರಡೋ ಮೂರೋ ಎಳೆ ಮಾತ್ರ ಕೂದಲಿನಂತೆ ಅಂಟಿಕೊಂಡಿದ್ದವು. ಇಂಥಲ್ಲಿ ಮುರಿದ ಜಾಗಕ್ಕೇ ಬೆಸುಗೆ ಹಾಕುವುದು ಸರಿಯಲ್ಲ. ಬೆಸುಗೆ ಹಾಕಿದ ವೈರ್ ಗಡುಸಾಗಿ, ಅದರ ಪಕ್ಕದಲ್ಲೇ ಮತ್ತೆ ಮುರಿಯುತ್ತದೆ. ಮಡಿಯುವ ಭಾಗವನ್ನು ಪೂರ್ತಿ ಕತ್ತರಿಸಿ ತೆಗೆದು, ಸಣ್ಣ ಎಳೆಗಳ ಮೆತ್ತನೆಯ ಹೊಸ ವೈರ್ ಹಾಕಿ, ಜೋಡಣೆಗಳನ್ನು ಬಾಗಿಲಿನ ಒಳಗೂ ಕಾರಿನ ಒಳಗೂ ಬರುವಂತೆ ಮಾಡಿದೆ.

ಇಷ್ಟಾದರೂ ಗಾಜು ಕೊನೆಯ ನಾಲ್ಕು ಇಂಚು ತಿಣುಕುತ್ತಲೇ ಏರುತ್ತಿತ್ತು. ಈ ಉಳಿಕೆ ದೋಷ ವಿದ್ಯುತ್ತಿನದ್ದಲ್ಲ. ಹಿಂದಿನ ಮಾಲೀಕರು ಗಾಜಿಗೆ ಕಪ್ಪು ಫಿಲ್ಮ್ ಅಂಟಿಸಿದ್ದರು. 2012ರಲ್ಲಿ ಸುಪ್ರೀಂ ಕೋರ್ಟ್ ಅಂಥ ಫಿಲ್ಮನ್ನು ನಿಷೇಧಿಸಿದ ಬಳಿಕ ಕಿತ್ತಿದ್ದಿರಬೇಕು. ಅದರ ಅಂಟು ಗಾಜಿನ ಅಂಚಿನಿಂದ, ಗಾಜು ಜಾರುವ ಫೆಲ್ಟ್ ಹಚ್ಚಿದ ರಬ್ಬರ್ ಕಾಲುವೆಗೆ ಇಳಿದು, ಧೂಳಿನೊಂದಿಗೆ ಕಲಸಿ ಬೆಲ್ಲದ ಪಾಕದಂತೆ ಗಟ್ಟಿಯಾಗಿತ್ತು. ಅದನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಸಿಲಿಕೋನ್ ಸ್ಪ್ರೇ ಹೊಡೆದ ಮೇಲೆ ಗಾಜು ಸರಾಗವಾಗಿ ಏರಿತು. ಅಲ್ಲಿಗೆ ಗ್ರೀಸ್ ಹಚ್ಚುವವರಿದ್ದಾರೆ; ಗ್ರೀಸ್ ಧೂಳನ್ನು ಹಿಡಿದಿಟ್ಟುಕೊಂಡು ಇದ್ದ ತೊಂದರೆಯನ್ನೇ ಹೆಚ್ಚಿಸುತ್ತದೆ.

ಮೋಟರ್ ಕೆಡುವುದೇ ಇಲ್ಲವೆಂದು ನನ್ನ ವಾದವಲ್ಲ. ಒಳಗೆ ಮೋಟರ್ ತಿರುಗುವ ಸದ್ದು ಕೇಳಿಸಿಯೂ ಗಾಜು ಅಲುಗದಿದ್ದರೆ ಮೋಟರಿನ ಗೇರ್ ಹಲ್ಲು ಸವೆದಿರಬಹುದು ಅಥವಾ ರೆಗ್ಯುಲೇಟರ್ ಕಳಚಿರಬಹುದು. ಬ್ಯಾಟರಿಯಿಂದ ನೇರ ಕೊಟ್ಟಾಗಲೂ ಸದ್ದೇ ಇಲ್ಲದಿದ್ದರೆ ಮೋಟರಿನ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ನೋಡಬೇಕು. ಆದರೆ ಅಷ್ಟು ದೂರ ಹೋಗುವ ಮೊದಲು ಫ್ಯೂಸ್, ಗೇರ್ ಲಿವರಿನ ಅಕ್ಕಪಕ್ಕದ ಸ್ವಿಚ್‌ಗಳ ಕಪ್ಪಾದ ಸಂಪರ್ಕಗಳು, ಅರ್ತ್, ಕೀಲಿನ ವೈರ್, ಇಷ್ಟನ್ನೂ ನೋಡಿರಬೇಕು. ಈ ಕಾರಿನ ಟಾರ್ಪಿಡೊ ಆಕಾರದ ಫ್ಯೂಸುಗಳನ್ನು ಅವುಗಳ ಜಾಗದಲ್ಲೇ ಬೆರಳಿನಿಂದ ನಾಲ್ಕು ಸಲ ಹೊರಳಿಸಿದರೂ ಕೆಲವೊಮ್ಮೆ ನಿಂತ ಗಾಜು ಚಲಿಸುವುದುಂಟು.

ಆ ಎಲೆಕ್ಟ್ರಿಷಿಯನ್ನರಿಗೆ ಮರುವಾರ ಹಸಿರುಗಟ್ಟಿದ ವೈರಿನ ತುಂಡನ್ನು ತೋರಿಸಿದೆ. ಅವರು ಅದನ್ನು ಬೆರಳಿನಲ್ಲಿ ಬಗ್ಗಿಸಿದಾಗ ಉಳಿದಿದ್ದ ಎಳೆಗಳೂ ಮುರಿದವು. ಈಗ ಅವರ ಟೂಲ್ ಪೆಟ್ಟಿಗೆಯಲ್ಲೂ ಒಂದು ಹೆಡ್‌ಲೈಟ್ ಬಲ್ಬಿದೆ.