ಕೊನೆಯ ಬೆಂಚಿನ ವಿಭೂತಿ

ಈ ಬುಧವಾರ ವಿಭೂತಿ ಬುಧವಾರ, ನಾವು ಕ್ರೈಸ್ತರು ಹಣೆಗೆ ಬೂದಿ ಹಚ್ಚಿಸಿಕೊಳ್ಳುವ ದಿನ. ಇವತ್ತು ಬೆಳಗ್ಗೆ ಯೇಸುವಿನ ಪಟದ ಹಿಂದೆ ಸಿಕ್ಕಿಸಿದ್ದ ಓಲೆಗರಿಯನ್ನು ತೆಗೆದೆ. ಹೋದ ವರ್ಷ ಈಸ್ಟರ್ ಹಿಂದಿನ ಗರಿಗಳ ಭಾನುವಾರ ಚರ್ಚಿನಿಂದ ತಂದದ್ದು. ಆಗ ಹಸಿರಾಗಿತ್ತು. ಮಗಳು ಅದರದ್ದೇ ಒಂದು ಎಳೆ ಸೀಳಿ, ಮಡಚಿ ಪುಟ್ಟ ಶಿಲುಬೆ ಮಾಡಿದ್ದಳು. ಈಗ ಒಣಗಿ ಹುಲ್ಲಿನ ಬಣ್ಣಕ್ಕೆ ಬಂದಿದೆ, ಮುಟ್ಟಿದರೆ ಮುರಿಯುತ್ತದೆ. ಎಳೆದಾಗ ಹಲ್ಲಿ ಮೊಟ್ಟೆಯ ಚಿಪ್ಪೊಂದು ಜೊತೆಗೇ ಬಿತ್ತು.

ಈ ಗರಿಗಳನ್ನೆಲ್ಲ ಚರ್ಚಿಗೆ ವಾಪಸ್ ಕೊಡಬೇಕು. ಅವನ್ನು ಸುಟ್ಟ ಬೂದಿಯೇ ಬುಧವಾರ ನಮ್ಮ ಹಣೆಗೆ ಬರುವುದು. ಚಿಕ್ಕವನಿದ್ದಾಗ ಈ ಕೆಲಸಕ್ಕೆ ನಾನೂ ಕೈ ಹಾಕುತ್ತಿದ್ದೆ. ಚರ್ಚಿನ ಹಿತ್ತಲಲ್ಲಿ ಮೂರು ಕಲ್ಲು, ಮೇಲೊಂದು ಹಳೇ ಕಬ್ಬಿಣದ ಬಾಣಲೆ. ಒಣಗರಿ ಭಗ್ ಅಂತ ಹತ್ತಿಕೊಂಡು ನಿಮಿಷದೊಳಗೆ ಕುಸಿದುಬಿಡುತ್ತಿತ್ತು. ಎರಡು ಗೋಣಿಚೀಲ ಗರಿ ಸುಟ್ಟರೂ ಬೂದಿ ಒಂದು ಬಟ್ಟಲು ತುಂಬುತ್ತಿರಲಿಲ್ಲ. ಆರಿದ ಮೇಲೆ ಕುಟ್ಟಬೇಕು, ಹಳೇ ಪಂಚೆ ಬಟ್ಟೆಯಲ್ಲಿ ಸೋಸಬೇಕು. ನಾರು ಉಳಿದರೆ ಹಣೆಗೆ ಚುಚ್ಚುತ್ತದೆ ಅಂತ ಉಪದೇಶಿಯವರು ಎರಡೆರಡು ಸಲ ಸೋಸಿಸುತ್ತಿದ್ದರು. ಮನೆಗೆ ಹೋಗುವ ಹೊತ್ತಿಗೆ ಮೂಗಿನ ಹೊಳ್ಳೆಯೆಲ್ಲ ಕಪ್ಪು.

ಹೆಸರಿನ ಬಗ್ಗೆ ಒಂದು ಮಾತು. ಕೊಂಕಣಿಯಲ್ಲಿ ಬೂದಿಗೆ ಗೊಬೊರ್ ಅನ್ನುತ್ತಾರೆ, ಆ ಹೆಸರಿನಲ್ಲೇ ಈ ಬುಧವಾರವನ್ನು ಕರೆಯುತ್ತಾರೆ. ಕೇರಳದ ಸಿರೋ ಮಲಬಾರ್ ಸಭೆಯವರು ಇದನ್ನು ಎರಡು ದಿನ ಮೊದಲೇ, ಸೋಮವಾರ ಆಚರಿಸುತ್ತಾರೆ. ನಮ್ಮ ಕನ್ನಡದಲ್ಲಿ ಕೆಲವರು ಬೂದಿ ಬುಧವಾರ ಅನ್ನುವುದೂ ಉಂಟು. ನನಗೆ ಮಾತ್ರ ವಿಭೂತಿ ಅನ್ನುವ ಪದವೇ ಇಷ್ಟ. ನಮ್ಮೂರಿನಲ್ಲಿ ಹಣೆಗೆ ವಿಭೂತಿ ಹಚ್ಚಿದವರನ್ನು ದಿನಾ ನೋಡುತ್ತೇವೆ. ಹಾಗಾಗಿ ಆ ದಿನ ನಾವು ಹಣೆಯ ಮೇಲೆ ಬೂದಿ ಇಟ್ಟುಕೊಂಡು ಅಂಗಡಿಗೆ ಹೋದರೆ ಯಾರೂ ವಿಚಿತ್ರವಾಗಿ ನೋಡುತ್ತಿರಲಿಲ್ಲ. ‘ಇವತ್ತು ನಿಮ್ಮದೂ ವಿಭೂತಿನಾ?’ ಅಂತ ಕೇಳಿ ಸಾಮಾನು ಕಟ್ಟಿಕೊಡುತ್ತಿದ್ದರು.

ಈ ದಿನದಿಂದ ತಪಸ್ಸು ಕಾಲ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು ಶುರು. ಈಸ್ಟರ್‌ಗೆ 46 ದಿನ ಮೊದಲು ಬರುತ್ತದೆ. ಭಾನುವಾರಗಳಲ್ಲಿ ಉಪವಾಸ ಇಲ್ಲ, ಆ 6 ದಿನ ಕಳೆದರೆ 40. ಯೇಸು ಮರಳುಗಾಡಿನಲ್ಲಿ ಉಪವಾಸ ಇದ್ದದ್ದೂ 40 ದಿನ. ಬುಧವಾರವೇ ಯಾಕೆ ಅಂತ ಮಕ್ಕಳು ಕೇಳುತ್ತಾರೆ. ಮೊದಲೆಲ್ಲ ಭಾನುವಾರದಿಂದ ಶುರುವಾಗುತ್ತಿತ್ತು, ಆ ಲೆಕ್ಕದಲ್ಲಿ ಉಪವಾಸದ ದಿನ 36 ಮಾತ್ರ. ಕಡಿಮೆ ಬಿದ್ದ ನಾಲ್ಕು ದಿನ ಹಿಂದಕ್ಕೆ ಎಳೆದರು, ಬುಧವಾರ ಬಂತು. ಅಷ್ಟೇ.

ಆದರೆ ಬೂದಿ ಎಲ್ಲಿಂದ ಬಂತು ಅನ್ನುವುದು ಅಷ್ಟು ಸುಲಭದ ಕಥೆಯಲ್ಲ. ಇದನ್ನು ಹೇಳಲೆಂದೇ ಇವತ್ತು ಬರೆಯಲು ಕೂತಿದ್ದು.

ಬೈಬಲಿನಲ್ಲಿ ಬೂದಿ ತುಂಬಾ ಕಡೆ ಬರುತ್ತದೆ. ಪ್ರವಾದಿ ಯೋನನ ಮಾತು ಕೇಳಿದ ನಿನೆವೆಯ ರಾಜ ಸಿಂಹಾಸನದಿಂದಿಳಿದು, ರಾಜವಸ್ತ್ರ ತೆಗೆದಿಟ್ಟು, ಗೋಣಿ ಉಟ್ಟು ಬೂದಿಯಲ್ಲಿ ಕೂತ. ದಾವೀದ ರಾಜನ ಮಗ ಅಮ್ನೋನ ತನ್ನ ಮಲತಂಗಿ ತಾಮಾರಳನ್ನು ಕೆಡಿಸಿ ಹೊರಗೆ ಹಾಕಿದಾಗ ಅವಳು ತಲೆಗೆ ಬೂದಿ ಸುರಿದುಕೊಂಡು ಅಳುತ್ತಾ ಹೋದಳು. ತಪ್ಪು ಮಾಡಿದವನಿಗೂ ಬೂದಿ, ನೊಂದವಳಿಗೂ ಬೂದಿ.

ಕ್ರೈಸ್ತ ಸಭೆಯ ಮೊದಲ ಶತಮಾನಗಳಲ್ಲಿ ಕೊಲೆ, ಹಾದರ, ಧರ್ಮ ಬಿಡುವುದು ಇಂಥ ದೊಡ್ಡ ಪಾಪ ಮಾಡಿದವರು ಎಲ್ಲರ ಎದುರು ಪ್ರಾಯಶ್ಚಿತ್ತ ಮಾಡಬೇಕಿತ್ತು. ಅದು ಹೇಗೆ ನಡೆಯುತ್ತಿತ್ತು ಅಂತ ಜರ್ಮನಿಯ ಪ್ರ್ಯೂಮ್ ಮಠದ ರೆಗಿನೊ 10ನೇ ಶತಮಾನದ ಶುರುವಿನಲ್ಲಿ ಬರೆದಿಟ್ಟಿದ್ದಾನೆ. ತಪಸ್ಸು ಕಾಲದ ಮೊದಲ ದಿನ ಅವರು ಗೋಣಿ ಉಟ್ಟು, ಬರಿಗಾಲಲ್ಲಿ, ತಲೆ ತಗ್ಗಿಸಿ ಚರ್ಚಿನ ಬಾಗಿಲಿಗೆ ಬರಬೇಕು. ಬಿಷಪ್ಪರು ಅವರ ತಲೆ ಮೇಲೆ ಬೂದಿ ಹಾಕಿ, ಆದಾಮನನ್ನು ತೋಟದಿಂದ ಹೊರಗೆ ಹಾಕಿದ ಹಾಗೆ ಇವರನ್ನೂ ಹೊರಗೆ ಕಳಿಸುತ್ತಾರೆ. ಬಾಗಿಲು ಮುಚ್ಚುತ್ತದೆ. ಮತ್ತೆ ಒಳಗೆ ಸೇರಿಸಿಕೊಳ್ಳುವುದು ಈಸ್ಟರ್ ಹಿಂದಿನ ಗುರುವಾರ. ಅಷ್ಟು ದಿನ ಊರಿಗೆಲ್ಲ ಗೊತ್ತು, ಇವನು ಇಂಥವನು ಅಂತ.

ಅಂದರೆ ಬೂದಿ ಆಗ ಹೊರಗೆ ಹಾಕಿದವರ ಗುರುತು.

ಆಮೇಲೆ ಆದದ್ದು ನೋಡಿ. ನಿಧಾನಕ್ಕೆ ಉಳಿದವರೂ ಬಂದು ಬೂದಿ ಹಾಕಿಸಿಕೊಳ್ಳಲು ಶುರು ಮಾಡಿದರು. ಸುಮಾರು 1000ನೇ ಇಸವಿಯ ಹೊತ್ತಿಗೆ ಇಂಗ್ಲೆಂಡಿನ ಸನ್ಯಾಸಿ ಆಲ್ಫ್ರಿಕ್ ತನ್ನ ಬೋಧನೆಯಲ್ಲಿ, ತಪಸ್ಸು ಕಾಲದ ಶುರುವಿಗೆ ನಾವೆಲ್ಲ ತಲೆಗೆ ಬೂದಿ ಹಾಕಿಕೊಳ್ಳುವಷ್ಟಾದರೂ ಮಾಡೋಣ ಅನ್ನುತ್ತಾನೆ. 1091ರಲ್ಲಿ ಪೋಪ್ 2ನೇ ಅರ್ಬನ್ ಕಾಲದ ಬೆನೆವೆಂಟೊ ಧರ್ಮಸಮ್ಮೇಳನದಲ್ಲಿ ಇದು ಎಲ್ಲರಿಗೂ ಅಂತ ತೀರ್ಮಾನವಾಯಿತು. ಗುರುಗಳು, ಜನಸಾಮಾನ್ಯರು, ಗಂಡಸರು, ಹೆಂಗಸರು, ಯಾರನ್ನೂ ಬಿಡಲಿಲ್ಲ. ಇವತ್ತು ರೋಮಿನ ಅವೆಂಟೈನ್ ಗುಡ್ಡದ ಸಾಂತಾ ಸಬೀನಾ ಚರ್ಚಿನಲ್ಲಿ ಪೋಪರೇ ಒಬ್ಬ ಕಾರ್ಡಿನಲ್ ಮುಂದೆ ತಲೆ ಬಗ್ಗಿಸಿ ಬೂದಿ ಹಾಕಿಸಿಕೊಳ್ಳುತ್ತಾರೆ.

ನಾನು ಇದನ್ನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ. ಬಾಗಿಲಾಚೆ ನಿಂತವರ ಪಕ್ಕ ಹೋಗಿ ಇಡೀ ಸಭೆಯೇ ನಿಂತುಬಿಟ್ಟಿತು. ಒಬ್ಬರನ್ನು ತೋರಿಸಲು ಇದ್ದ ಗುರುತು ಎಲ್ಲರ ಹಣೆಗೂ ಬಂದ ಮೇಲೆ ಯಾರನ್ನು ತೋರಿಸುತ್ತೀರಿ?

ಇದು ನನಗೆ ಪುಸ್ತಕದ ವಿಷಯ ಅಲ್ಲ. ನನ್ನ ಚಿಕ್ಕಮ್ಮನದ್ದು ರಿಜಿಸ್ಟರ್ ಮದುವೆ. ಚಿಕ್ಕಪ್ಪನಿಗೆ ಮೊದಲೊಂದು ಮದುವೆಯಾಗಿ ಮುರಿದಿತ್ತು. ಸಭೆಯ ನಿಯಮದಂತೆ ಚಿಕ್ಕಮ್ಮ ಪರಮಪ್ರಸಾದ, ಅಂದರೆ ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ, ತಗೊಳ್ಳುವ ಹಾಗಿಲ್ಲ. ಮದುವೆಯಾದ ಹೊಸತರಲ್ಲಿ ಅವರು ಪೂಜೆಗೆ ಬಂದಾಗ ಹಿಂದಿನ ಸಾಲಿನವರು ಕೇಳುವಷ್ಟು ಜೋರಾಗಿ ಯಾರೋ ಅಂದರಂತೆ, ‘ಇವಳಿಗೆ ಇಲ್ಲೇನು ಕೆಲಸ?’ ಅವತ್ತಿನಿಂದ ಚಿಕ್ಕಮ್ಮ ಭಾನುವಾರ ಬರುವುದನ್ನು ಬಿಟ್ಟರು. ಆದರೆ ವಿಭೂತಿ ಬುಧವಾರ ತಪ್ಪಿಸಲಿಲ್ಲ. ಕೊನೆಯ ಬೆಂಚು, ಬಾಗಿಲ ಪಕ್ಕದ ತುದಿ. ವರ್ಷಕ್ಕೊಮ್ಮೆ ಅವರು ಸಾಲಿನಲ್ಲಿ ನಿಂತು ಬಲಿಪೀಠದವರೆಗೆ ನಡೆದು ಹೋಗುವ ದಿನ ಅದೊಂದೇ.

ವಿಭೂತಿ ನಮ್ಮ ಸಭೆಯ ಏಳು ಸಂಸ್ಕಾರಗಳಲ್ಲಿ ಒಂದಲ್ಲ. ಅದಕ್ಕೇ ಅದು ಎಲ್ಲರಿಗೂ ಸಿಗುತ್ತದೆ. ದೀಕ್ಷಾಸ್ನಾನ ಆಗದವರೂ ಬರಬಹುದು. ಪರಮಪ್ರಸಾದದ ಸಾಲಿನಲ್ಲಿ ನಿಲ್ಲಲಾಗದವರೂ ಬರಬಹುದು. ಕಾಯಿಲೆಯವರ ಮನೆಗೂ ಒಯ್ಯುತ್ತಾರೆ. ಇನ್ನೊಂದು ವಿಷಯ, ಪೂಜೆಗೆ ಬರಲೇಬೇಕಾದ ಕಡ್ಡಾಯ ದಿನಗಳಲ್ಲಿ ಇದು ಇಲ್ಲವೇ ಇಲ್ಲ. ಆದರೂ ಚರ್ಚು ತುಂಬಿರುತ್ತದೆ. ‘ಬೂದಿಗೆ ಮಾತ್ರ ಬರುವ ಜನ’ ಅಂತ ಇವರ ಬಗ್ಗೆ ಕೊಂಕು ಮಾತಾಡುವವರನ್ನು ಕಂಡರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ. ಬೂದಿಗೆ ಬರುವವರೇ ಅಲ್ವಾ ಈ ದಿನದ ಮೂಲ ವಾರಸುದಾರರು?

ಹಣೆಗೆ ಇಡುವಾಗ ಗುರುಗಳು ಹೇಳುವ ಮಾತು ಎರಡಿದೆ. 1970ರ ಪೂಜಾಗ್ರಂಥದಿಂದ ‘ಪಶ್ಚಾತ್ತಾಪಪಟ್ಟು ಶುಭಸಂದೇಶವನ್ನು ನಂಬು’ ಅನ್ನುವುದೂ ಸೇರಿದೆ. ಹಳೆಯದು ಆದಿಕಾಂಡದ್ದು, ‘ನೀನು ಮಣ್ಣು, ಮರಳಿ ಮಣ್ಣಿಗೇ ಸೇರುವೆ.’ ನನಗೆ ಹಳೆಯದೇ ಬೇಕು. ಸಾಹುಕಾರನಿಗೂ ಅದೇ, ಹಾಲುಗೂಸಿಗೂ ಅದೇ. ಮಗಳನ್ನು ಎತ್ತಿಕೊಂಡು ಹೋದ ಮೊದಲ ವರ್ಷ ಅವಳ ಹಣೆಗೆ ಹೆಬ್ಬೆರಳು ತಾಕಿ ಈ ಮಾತು ಕೇಳಿದಾಗ ನನ್ನ ಕೈ ನಡುಗಿತ್ತು. 2021ರಲ್ಲಿ ಕೊರೊನಾ ಅಂತ ಮಾಸ್ಕ್ ಹಾಕಿಕೊಂಡು, ಒಬ್ಬೊಬ್ಬರಿಗೂ ಏನೂ ಹೇಳದೆ, ಮುಟ್ಟದೆ, ತಲೆ ಮೇಲೆ ಸುಮ್ನೆ ಬೂದಿ ಉದುರಿಸಿದರು. ಆ ಮಾತು ಅವತ್ತು ಬೇಕಾಗಿಯೂ ಇರಲಿಲ್ಲ. ಎಲ್ಲರ ಮನೆಯಲ್ಲೂ ಗೊತ್ತಿತ್ತು.

ಪೂಜೆ ಮುಗಿದು ಬೂದಿ ಒರೆಸಬೇಕೋ ಬೇಡವೋ ಅಂತ ಪ್ರತಿ ವರ್ಷ ಚರ್ಚೆ ಆಗುತ್ತದೆ. ಅವತ್ತೇ ಓದುವ ಮತ್ತಾಯನ ಶುಭಸಂದೇಶದಲ್ಲಿ ಯೇಸು, ಉಪವಾಸ ಮಾಡುವಾಗ ತಲೆಗೆ ಎಣ್ಣೆ ಹಚ್ಚು, ಮುಖ ತೊಳೆ, ಜನಕ್ಕೆ ತೋರಿಸಿಕೊಳ್ಳಬೇಡ ಅನ್ನುತ್ತಾರೆ. ಹಾಗಂತ ಓದಿದ ಮೇಲೇ ಬೂದಿ ಇಡುತ್ತಾರೆ. ನನ್ನ ಮಟ್ಟಿಗೆ, ನಾನು ಭಕ್ತ ಅಂತ ತೋರಿಸಲು ಇಟ್ಟುಕೊಂಡಿದ್ದರೆ ಒರೆಸಿ. ನಾನೂ ಆ ಬಾಗಿಲಾಚೆ ನಿಂತವರಲ್ಲೊಬ್ಬ ಅಂತಿದ್ದರೆ ಇರಲಿ ಬಿಡಿ.

ವಿಭೂತಿ ಬುಧವಾರದ ಊಟದ ನಿಯಮ ಹೆಚ್ಚಿನವರಿಗೆ ಗೊತ್ತು. 18ರಿಂದ 59 ವಯಸ್ಸಿನವರಿಗೆ ಒಂದೇ ಪೂರ್ತಿ ಊಟ, 14 ತುಂಬಿದವರೆಲ್ಲ ಮಾಂಸ ಬಿಡಬೇಕು. ಒಳ್ಳೆಯದೇ. ಆದರೆ 40 ದಿನ ಮಟನ್ ಬಿಟ್ಟು, ಪಕ್ಕದ ಮನೆಯವರ ಮದುವೆ ಮುರಿದ ಕಥೆಯನ್ನು ಚರ್ಚಿನ ಮೆಟ್ಟಿಲ ಮೇಲೆ ಮೆಲ್ಲುತ್ತಾ ನಿಲ್ಲುತ್ತೇವಲ್ಲ, ಅದನ್ನು ಯಾವ ಉಪವಾಸಕ್ಕೆ ಸೇರಿಸುವುದು? ಈ ಸಲ ನಮ್ಮ ಧರ್ಮಕೇಂದ್ರದಲ್ಲಿ ಯಾರಾದರೂ ಬೂದಿಗೆ ಬಂದವರನ್ನು ಹಿಂದಿನಿಂದ ಆಡಿಕೊಂಡರೆ ನಾನು ಅಲ್ಲೇ ತಿರುಗಿ ಮಾತಾಡುತ್ತೇನೆ. ಚಿಕ್ಕಮ್ಮನ ಸಲ ಯಾರೂ ಮಾತಾಡಲಿಲ್ಲ. ನಮ್ಮ ಮನೆಯವರೂ ಸೇರಿ.

ಗರಿಗಳನ್ನು ಪ್ಲಾಸ್ಟಿಕ್ ಕವರಿಗೆ ಹಾಕುವಾಗ ಚಿಕ್ಕಮ್ಮನ ಫೋನ್ ಬಂತು. ‘ಚರ್ಚಿಗೆ ಹೋಗ್ತಿದ್ದೀಯಾ ಮಗಾ? ನನ್ನ ಹತ್ರಾನೂ ಒಂದು ಗರಿ ಇದೆ. ಹೋದ ವರ್ಷ ಗೇಟಿನ ಹತ್ರ ನಿಂತಿದ್ದಾಗ ಯಾರೋ ಹುಡುಗ ಕೊಟ್ಟಿದ್ದ. ಬರ್ತಾ ಅದನ್ನೂ ತಗೊಂಡು ಹೋಗು.’