ಧಾರೆ 48 ಜಿಬಿ

ಅಕ್ಕನ ಮಗಳ ಮದುವೆ ಮುಗಿದು ಚಪ್ಪರದ ತೋರಣವೂ ಒಣಗಿತು. ವಿಡಿಯೋ ಮಾತ್ರ ಬೆಂಗಳೂರು ಬಿಟ್ಟು ಕದಲಲಿಲ್ಲ. ಫೋಟೋಗ್ರಾಫರ್ 48 ಜಿಬಿಯನ್ನು ನನ್ನ ಕಂಪ್ಯೂಟರಿಗೆ ಸುರಿದು ಕೈ ತೊಳೆದುಕೊಂಡ. ಸಾಗರದ ಭಾವನಿಗೆ ತಲುಪಿಸುವ ಪುಣ್ಯ ನನ್ನ ಪಾಲಿಗೆ ಬಂತು.

ಭಾವನ ಹತ್ತಿರ ಎಲ್ಲದಕ್ಕೂ ಒಂದೇ ಮದ್ದು. "ತಲೆಬಿಸಿ ಯಾಕೆ? ವಾಟ್ಸಾಪ್ ಮಾಡು ಮಾರಾಯ." ಅಡಿಕೆ ರೇಟು, ಜಾತಕ ಎಲ್ಲ ಅಲ್ಲೇ ಬರುವಾಗ ಮಗಳ ಧಾರೆ ಯಾಕೆ ಬರಬಾರದು? ಅಲ್ಲಿ ಒಂದು ಫೈಲು 2 ಜಿಬಿ ದಾಟುವಂತಿಲ್ಲ ಭಾವ, ಅಂದೆ. "ಹಾಗಾದ್ರೆ ಈಮೇಲ್?" ಜಿಮೇಲಿಗೆ 25 ಎಂಬಿ. ಅಷ್ಟರಲ್ಲಿ ಪುರೋಹಿತರು ಗಂಟಲು ಸರಿಮಾಡಿಕೊಳ್ಳೋದೂ ಮುಗಿಯೋದಿಲ್ಲ. ಗೂಗಲ್‌ನವರು ಪುಕ್ಕಟೆ ಕೊಡೋ 15 ಜಿಬಿಯಲ್ಲಿ ಭಾವನೇ ಕಳಿಸಿದ ಗುಡ್ ಮಾರ್ನಿಂಗ್ ಹೂಗಳು ಬ್ಯಾಕಪ್ ಆಗಿ ಕೂತಿವೆ.

ದುಡ್ಡು ಕಟ್ಟಿ ಜಾಗ ತಗೊಂಡು ರಾತ್ರಿ ಅಪ್‌ಲೋಡಿಗೆ ಹಾಕಿದೆ. ನಮ್ಮ ಮನೆಯದು 40 ಎಂಬಿಪಿಎಸ್. ಅದು ಬಿಟ್ ಲೆಕ್ಕ, ಎಂಟು ಬಿಟ್ಟಿಗೆ ಒಂದು ಬೈಟ್ ಅಂತ ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ 5 ಎಂಬಿ, ಅದೂ ಅದರ ಮನಸ್ಸು ಚೆನ್ನಾಗಿದ್ದರೆ. ಇನ್ನು 3 ಗಂಟೆ ಅಂದಿತು. ಕಾಫಿ ಕುಡಿದು ಬರೋವಷ್ಟರಲ್ಲಿ 11 ಗಂಟೆ ಅಂದಿತು.

ಭಾವನ ಫೋನ್ ಶುರುವಾಯಿತು. "ಎಲ್ಲಿಗೆ ಬಂತು?"

"ಮೂವತ್ತು ಪರ್ಸೆಂಟ್ ಭಾವ."

"ಅಂದ್ರೆ ಕಾಶೀಯಾತ್ರೆ ಆಯ್ತು ಅನ್ನು."

ಮತ್ತೆ ಫೋನ್. "ಮಾಂಗಲ್ಯಧಾರಣೆ ಹೊತ್ತಿಗೆ ಹೇಳು, ನಿನ್ನ ಅಕ್ಕನ್ನೂ ಏಳಿಸ್ತೀನಿ." ಎಪ್ಪತ್ತೊಂದಕ್ಕೆ ಕರೆಂಟ್ ಹೋಯಿತು. ಬಂದ ಮೇಲೆ ನೋಡಿದರೆ ಸೊನ್ನೆಯಿಂದ ಶುರು! "ಛೆ, ಮುಹೂರ್ತ ಮೀರಿತಲ್ಲೋ" ಅಂದರು ಭಾವ. ಬೈಯೋಣ ಅಂದರೆ ಹಿರಿಯರು.

ಹಿಂದೆ ಮದುವೆ ಕ್ಯಾಸೆಟ್ ಊರಿಗೆ ಹೋಗುವವರ ಚೀಲದಲ್ಲಿ ಹೋಗುತ್ತಿತ್ತು. ತಂದವರನ್ನು ಕೂರಿಸಿಕೊಂಡು ಅಕ್ಕಪಕ್ಕದವರೂ ಸೇರಿ ನೋಡುತ್ತಿದ್ದರು. ಲಿಂಕಿಗೆ ಯಾರು ಕಾಫಿ ಕೊಡ್ತಾರೆ, ಅಲ್ವಾ?

ಕೊನೆಗೆ ಹಳೇ ಹಾರ್ಡ್ ಡಿಸ್ಕ್ ಹುಡುಕಿದೆ. ಪೂರ್ತಿ ಖಾಲಿ, ಆದರೂ ಫೈಲು ಜಾಸ್ತಿ ದೊಡ್ಡದಾಯ್ತು ಅಂತ ಕೊಸರಾಡಿತು. ಫ್ಯಾಟ್32 ಅನ್ನೋ ಹಳೇ ಫಾರ್ಮ್ಯಾಟಿನ ಮಡಿವಂತಿಕೆ ಅದು, 4 ಜಿಬಿ ಮೀರಿದ ಫೈಲನ್ನು ಒಳಗೆ ಬಿಡೋದಿಲ್ಲ. ಆ ಮಡಿ ಇಲ್ಲದ ಎಕ್ಸ್‌ಫ್ಯಾಟ್ ಫಾರ್ಮ್ಯಾಟಿಗೆ ಬದಲಿಸಿ, ಎಲ್ಲ ತುಂಬಿ, ಊರಿಗೆ ಹೊರಟಿದ್ದ ಹುಡುಗನ ಕೈಗೆ ಕೊಟ್ಟೆ. ರಾತ್ರಿ ಬಸ್ಸು ಹತ್ತಿದ 48 ಜಿಬಿ ಬೆಳಗ್ಗೆ ಸಾಗರದಲ್ಲಿತ್ತು.

ತಿಂಡಿ ಹೊತ್ತಿಗೆ ಫೋನ್. "ಕಂಪ್ಯೂಟರ್ ಯಾಕೆ ಅಂತ ಸೀದಾ ಟಿವಿಗೇ ಚುಚ್ಚಿದೆ. ಅದೇನೋ ಫಾರ್ಮ್ಯಾಟ್ ಮಾಡ್ಲಾ ಅಂತ ಕೇಳ್ತಿದೆ."

"ಒತ್ತಬೇಡಿ ಭಾವ! ಎಲ್ಲ ಅಳಿಸಿಹೋಗುತ್ತೆ!"

"ಹಾಂ? ಇಲ್ಲಿ ಮಿಕ್ಸಿ ಸದ್ದು. ಒತ್ತಲಾ?"